ಆರು ರೌಂಡ್ ಇಂಟರ್‌ವ್ಯೂ, ಕೊನೆಗೆ ‘ಆನ್ ಹೋಲ್ಡ್’: ಕನ್ಸಲ್ಟೆನ್ಸಿಗಳ ಒಳಗೆ ನಡೆಯೋದೇನು?

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರರೂಪ)

ಬಸ್ಸಲ್ಲಿ ಕಿಟಕಿ ಪಕ್ಕ ಕೂತು ಕೇಳ್ತಿದ್ದೀರೋ, ಮೆಟ್ರೋದಲ್ಲಿ ಕಂಬಿ ಹಿಡ್ಕೊಂಡು ನಿಂತಿದ್ದೀರೋ, ಪಿಜಿ ರೂಮಲ್ಲಿ ಬಟ್ಟೆ ಮಡಚ್ತಾ ಇದ್ದೀರೋ ಗೊತ್ತಿಲ್ಲ. ಆದರೆ ಇವತ್ತಿನ ವಿಷಯ ನಿಮ್ಮಲ್ಲಿ ಬಹಳ ಜನಕ್ಕೆ ಹತ್ತಿರದ್ದು. ಇಂಟರ್‌ವ್ಯೂ. ಅದೂ ಒಂದೇ ದಿನಕ್ಕೆ ಮುಗಿಯೋದಲ್ಲ. ಮೊದಲು ಫೋನ್, ಆಮೇಲೆ ಟೆಸ್ಟ್, ಆಮೇಲೆ ವಿಡಿಯೋ ಕಾಲ್, ಆಮೇಲೆ ‘ಒಂದ್ಸಲ ಆಫೀಸಿಗೆ ಬಂದ್ಹೋಗಿ’, ಆಮೇಲೆ ‘ನಮ್ಮ ಹೆಡ್ ಒಂದೈದು ನಿಮಿಷ ಮಾತಾಡ್ತಾರೆ’. ಇಷ್ಟೆಲ್ಲ ಆದ ಮೇಲೆ ಫೋನ್ ಎತ್ತೋರೇ ಇರಲ್ಲ.

ಯಾಕೆ ಹೀಗಾಗುತ್ತೆ? ಇಷ್ಟೊಂದು ರೌಂಡ್ ನಿಜವಾಗಲೂ ಬೇಕಾ? ಉದ್ಯೋಗ ಕೊಡಿಸೋದನ್ನೇ ವ್ಯಾಪಾರ ಮಾಡಿಕೊಂಡಿರೋ ಕಂಪನಿಗಳು, ನಾವು ಕನ್ಸಲ್ಟೆನ್ಸಿ ಅಂತ ಕರೀತೀವಲ್ಲ, ಅವು ದುಡ್ಡು ಮಾಡೋದು ಹೇಗೆ? ಆ ಲೆಕ್ಕದಲ್ಲಿ ನಾವು ಎಲ್ಲಿ ಬರ್ತೀವಿ? ಈ ಸಂಚಿಕೆಯಲ್ಲಿ ಇದನ್ನೇ ಬಿಡಿಸಿ ಹೇಳ್ತೀನಿ. ಕೊನೆಯಲ್ಲಿ, ಮುಂದಿನ ಸಲ ರಿಕ್ರೂಟರ್ ಫೋನ್ ಬಂದಾಗ ನೀವು ಕೇಳಬೇಕಾದ ಐದು ಪ್ರಶ್ನೆಗಳೂ ಇವೆ.

ಈ ವಿಷಯವನ್ನ ನಾನು ಎರಡೂ ಕಡೆಯಿಂದ ನೋಡಿದೀನಿ. ಮೊದಲು ಕೆಲಸ ಕೇಳೋಳಾಗಿ, ಆಮೇಲೆ ಬೇರೊಂದು ಕನ್ಸಲ್ಟೆನ್ಸಿಯಲ್ಲಿ ಒಂದು ವರ್ಷ ರಿಕ್ರೂಟರ್ ಆಗಿ. ಮೊದಲನೇದರಿಂದ ಶುರು ಮಾಡೋಣ.

ಏಳು ವಾರ, ಆರು ರೌಂಡ್

ಇದು 2022ರ ಮಾತು. ಬೆಂಗಳೂರಲ್ಲಿ ಒಂದು ಕಸ್ಟಮರ್ ಸಪೋರ್ಟ್ ಕಂಪನಿಯಲ್ಲಿ ಇದ್ದೆ, ಸಂಬಳ ತಿಂಗಳಿಗೆ 24 ಸಾವಿರ. ವಿಜಯನಗರದಲ್ಲಿ ಪಿಜಿ. ಇಂದಿರಾನಗರದ ಒಂದು ಕನ್ಸಲ್ಟೆನ್ಸಿಯಲ್ಲಿ ಜೂನಿಯರ್ ರಿಕ್ರೂಟರ್ ಕೆಲಸ ಖಾಲಿ ಇದೆ ಅಂತ ಗೊತ್ತಾಯ್ತು, ಅರ್ಜಿ ಹಾಕಿದೆ. ಅಂದರೆ ಬೇರೆಯವರಿಗೆ ಕೆಲಸ ಹುಡುಕಿ ಕೊಡೋ ಕಂಪನಿಯಲ್ಲೇ ಕೆಲಸ.

ಮೊದಲ ರೌಂಡ್ ಫೋನ್, 12 ನಿಮಿಷ. ಈಗಿನ ಸಿಟಿಸಿ ಎಷ್ಟು, ಎಷ್ಟು ನಿರೀಕ್ಷೆ ಇದೆ, ನೋಟಿಸ್ ಪೀರಿಯಡ್ ಎಷ್ಟು ದಿನ. ಇಷ್ಟೇ. ಕೆಲಸದ ಬಗ್ಗೆ ಒಂದು ಪ್ರಶ್ನೆಯೂ ಇಲ್ಲ.

ಎರಡನೇದು ಆನ್‌ಲೈನ್ ಟೆಸ್ಟ್. ಎರಡು ರೈಲು ಎದುರುಬದುರು ಬಂದರೆ ಎಷ್ಟು ಸೆಕೆಂಡಿಗೆ ದಾಟುತ್ತವೆ ಅನ್ನೋ ಥರದ ಲೆಕ್ಕಗಳು, ಆಮೇಲೆ ‘ನಿಮಗೆ ಗುಂಪಿನಲ್ಲಿರುವುದು ಇಷ್ಟವೋ, ಒಬ್ಬರೇ ಇರುವುದು ಇಷ್ಟವೋ’ ಅಂತ ನೂರು ಪ್ರಶ್ನೆ.

ಮೂರನೇದು ಟೀಮ್ ಲೀಡ್ ಜತೆ ವಿಡಿಯೋ ಕಾಲ್. ಅವರು 40 ನಿಮಿಷ ತಡವಾಗಿ ಬಂದರು. ಬಂದವರು ನನ್ನ ರೆಸ್ಯೂಮೆ ತೆರೆದೇ ಇರಲಿಲ್ಲ. ‘ನಿಮ್ಮ ಬಗ್ಗೆ ಹೇಳಿ’ ಅಂದರು. ಹೇಳಿದೆ. ಕೊನೆಗೆ ಒಂದು ಅಸೈನ್‌ಮೆಂಟ್ ಕೊಟ್ಟರು. ಎರಡು ವರ್ಷ ಅನುಭವ ಇರೋ ಜಾವಾ ಡೆವಲಪರ್‌ಗಳು 15 ಜನ ಬೇಕು. ಹೆಸರು, ಫೋನ್ ನಂಬರ್, ಈಗಿನ ಸಂಬಳ, ನೋಟಿಸ್ ಪೀರಿಯಡ್ ಎಲ್ಲ ಎಕ್ಸೆಲ್ ಶೀಟಲ್ಲಿ ತುಂಬಿ ಎರಡು ದಿನದಲ್ಲಿ ಕಳಿಸಿ ಅಂತ. ಶಿಫ್ಟ್ ಮುಗಿಸಿ ಬಂದು ರಾತ್ರಿ ಲಿಂಕ್ಡ್‌ಇನ್‌ನಲ್ಲಿ ಹುಡುಕಿ, ಕಾಲೇಜಿನ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಕೇಳಿ, ಒಬ್ಬೊಬ್ಬರಿಗೂ ಫೋನ್ ಮಾಡಿ ಒಪ್ಪಿಗೆ ತಗೊಂಡು, 15 ಹೆಸರು ಕಳಿಸಿದೆ.

ನಾಲ್ಕನೇದಕ್ಕೆ ಆಫೀಸಿಗೇ ಬನ್ನಿ ಅಂದರು. 11 ಗಂಟೆ ಅಂತ ಹೇಳಿ ಒಂದು ಗಂಟೆಗೆ ಒಳಗೆ ಕರೆದರು. ಮ್ಯಾನೇಜರ್ ಕೇಳಿದ ಮೊದಲ ಪ್ರಶ್ನೆ ಏನು ಗೊತ್ತಾ? ‘ನಿಮ್ಮ ಬಗ್ಗೆ ಹೇಳಿ.’ ಐದನೇದಕ್ಕೂ ಆಫೀಸಿಗೆ ಕರೆಸಿದರು. ಬ್ರಾಂಚ್ ಹೆಡ್ ಜತೆ ಮಾತಾಡಿದ್ದು ಹದಿನೈದು ನಿಮಿಷ, ಅದರಲ್ಲಿ ಹತ್ತು ನಿಮಿಷ ‘ಯಾಕಮ್ಮಾ ಇಷ್ಟು ಹೈಕ್ ಕೇಳ್ತಿದ್ದೀಯ?’ ಅನ್ನೋದೇ. ಆರನೇದು ಎಚ್‌ಆರ್, ಅದೂ ಆಫೀಸಲ್ಲೇ. ಮೂರು ತಿಂಗಳ ಸಂಬಳದ ಚೀಟಿ, ಆಧಾರ್, ಪ್ಯಾನ್ ಎಲ್ಲ ತಗೊಂಡರು. ‘ಎರಡು ದಿನದಲ್ಲಿ ಆಫರ್ ಲೆಟರ್ ಮೇಲ್ ಬರುತ್ತೆ, ಕಂಗ್ರಾಟ್ಸ್’ ಅಂದರು.

ಎರಡು ದಿನ ಆಯ್ತು, ಒಂದು ವಾರ ಆಯ್ತು. ಊರಿಂದ ಅಮ್ಮ ದಿನಾ ಫೋನ್ ಮಾಡಿ ‘ಬಂತಾ?’ ಅಂತ ಕೇಳೋರು. ‘ಇನ್ನೂ ಇಲ್ಲಮ್ಮಾ’ ಅಂದರೆ ‘ಇರಲಿ ಬಿಡು, ತಾಳಿದವರು ಬಾಳಿಯಾರು’ ಅನ್ನೋರು. ಹತ್ತೊಂಬತ್ತನೇ ದಿನ ಎರಡು ಸಾಲಿನ ಮೇಲ್ ಬಂತು. ಪೊಸಿಷನ್ ಆನ್ ಹೋಲ್ಡ್ ಆಗಿದೆ, ನಿಮ್ಮ ಪ್ರೊಫೈಲ್ ನಮ್ಮ ಬಳಿ ಇರುತ್ತೆ ಅಂತ.

ಲೆಕ್ಕ ಹಾಕಿ ನೋಡಿ. ಆಫೀಸಿಗೆ ಹೋದ ಮೂರು ದಿನವೂ ಸಂಬಳವಿಲ್ಲದ ರಜೆ. ದಿನಕ್ಕೆ 800 ರೂಪಾಯಿಯಂತೆ 2,400 ರೂಪಾಯಿ ಕಟ್ ಆಯ್ತು. ಜತೆಗೆ ಎರಡು ರಾತ್ರಿಯ ನಿದ್ದೆ, ಓಡಾಟದ ಖರ್ಚು. 24 ಸಾವಿರ ಸಂಬಳದಲ್ಲಿ ಪಿಜಿ ಬಾಡಿಗೆ ಕಟ್ಟಿ, ಮನೆಗೆ ಕಳಿಸೋರಿಗೆ ಅದು ಸಣ್ಣ ಮೊತ್ತ ಅಲ್ಲ.

‘ಅಕ್ಕಾ, ಆ ಕಂಪನಿಯಿಂದ ಫೋನ್ ಬಂದಿತ್ತು’

ಇದಾಗಿ ಸ್ವಲ್ಪ ದಿನಕ್ಕೆ ನನ್ನ ಕಾಲೇಜಿನ ಜೂನಿಯರ್ ಒಬ್ಬ ಫೋನ್ ಮಾಡಿದ. ನಾನು ಕಳಿಸಿದ 15 ಹೆಸರಲ್ಲಿ ಅವನದೂ ಒಂದು. ‘ಅಕ್ಕಾ, ಥ್ಯಾಂಕ್ಸ್. ನೀವು ನಂಬರ್ ಕೊಟ್ಟಿದ್ರಲ್ಲ, ಆ ಕನ್ಸಲ್ಟೆನ್ಸಿಯಿಂದ ಫೋನ್ ಬಂದಿತ್ತು. ಇಂಟರ್‌ವ್ಯೂ ಆಯ್ತು, ಕೆಲಸ ಸಿಕ್ತು, ವರ್ಷಕ್ಕೆ ಆರು ಲಕ್ಷ!’ ಅಂದ.

ಅವನಿಗೆ ಸಿಕ್ಕಿದ್ದು ನನಗೆ ಖುಷಿನೇ. ಅದರಲ್ಲಿ ಎರಡು ಮಾತಿಲ್ಲ. ಆದರೆ ಯೋಚನೆ ಮಾಡಿ. ನನ್ನನ್ನು ಪರೀಕ್ಷೆ ಮಾಡೋಕೆ ಅಂತ ಕೊಟ್ಟ ಅಸೈನ್‌ಮೆಂಟು ಪರೀಕ್ಷೆಯೇ ಆಗಿರಲಿಲ್ಲ. ಅದು ಅವರ ನಿಜವಾದ ಗ್ರಾಹಕರ ನಿಜವಾದ ಹುದ್ದೆ. ನಾನು ಮಾಡಿದ್ದು ರಿಕ್ರೂಟರ್ ಒಬ್ಬರ ಎರಡು ದಿನದ ಕೆಲಸ, ಸಂಬಳ ಇಲ್ಲದೆ. ನಮ್ಮ ಕಡೆ ಇದಕ್ಕೆ ಬಿಟ್ಟಿ ಚಾಕರಿ ಅಂತಾರೆ.

ಅದರ ಬೆಲೆ ಎಷ್ಟಿತ್ತು ಅಂತ ಅರ್ಥ ಆಗಬೇಕಾದರೆ, ಈ ಕಂಪನಿಗಳ ಆದಾಯದ ಲೆಕ್ಕ ಗೊತ್ತಿರಬೇಕು.

ದುಡ್ಡು ಎಲ್ಲಿಂದ ಬರುತ್ತೆ?

ನೇಮಕಾತಿ ಕಂಪನಿಗಳ ವ್ಯಾಪಾರ ಮುಖ್ಯವಾಗಿ ಎರಡು ಥರ.

ಒಂದು, ಪರ್ಮನೆಂಟ್ ಪ್ಲೇಸ್‌ಮೆಂಟ್. ಒಂದು ಕಂಪನಿಗೆ ಜನ ಬೇಕು. ಕನ್ಸಲ್ಟೆನ್ಸಿ ಹುಡುಕಿ ಕೊಡುತ್ತೆ. ಆ ವ್ಯಕ್ತಿ ಕೆಲಸಕ್ಕೆ ಸೇರಿದ ಮೇಲೆ ಕಂಪನಿ ಕನ್ಸಲ್ಟೆನ್ಸಿಗೆ ಕಮಿಷನ್ ಕೊಡುತ್ತೆ. ಭಾರತದಲ್ಲಿ ಬಹಳ ಕಾಲದಿಂದ ಚಾಲ್ತಿಯಲ್ಲಿರೋ ದರ ವಾರ್ಷಿಕ ಸಿಟಿಸಿಯ ಶೇ 8.33. ಈ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು ಅಂದರೆ, ನೂರನ್ನ ಹನ್ನೆರಡರಿಂದ ಭಾಗಿಸಿ, ಅಷ್ಟೇ. ಅಂದರೆ ಒಂದು ತಿಂಗಳ ಸಂಬಳ. ಹುದ್ದೆ ದೊಡ್ಡದಾದಷ್ಟೂ ದರ ಇದಕ್ಕಿಂತ ಹೆಚ್ಚಾಗುತ್ತೆ. ಆ ಕನ್ಸಲ್ಟೆನ್ಸಿಯ ಒಪ್ಪಂದವನ್ನ ನಾನು ನೋಡಿಲ್ಲ, ಆದರೆ ಈ ಮಾರುಕಟ್ಟೆ ದರದಲ್ಲೇ ಲೆಕ್ಕ ಹಾಕಿದರೆ ಆರು ಲಕ್ಷದ ಒಂದು ನೇಮಕಾತಿಗೆ ಸುಮಾರು 50 ಸಾವಿರ ರೂಪಾಯಿ.

ಎರಡು, ಕಾಂಟ್ರ್ಯಾಕ್ಟ್ ಸ್ಟಾಫಿಂಗ್. ಇಲ್ಲಿ ನೀವು ಕೂರೋದು ದೊಡ್ಡ ಕಂಪನಿಯ ಆಫೀಸಲ್ಲಿ, ಆದರೆ ನಿಮ್ಮ ಸಂಬಳ, ಪಿಎಫ್ ಎಲ್ಲ ಕನ್ಸಲ್ಟೆನ್ಸಿಯ ಹೆಸರಲ್ಲಿ. ದೊಡ್ಡ ಕಂಪನಿ ನಿಮಗಾಗಿ ಪ್ರತಿ ತಿಂಗಳು ಕನ್ಸಲ್ಟೆನ್ಸಿಗೆ ಒಂದು ಮೊತ್ತ ಕೊಡುತ್ತೆ. ಅದಕ್ಕೂ ನಿಮಗೆ ಕೊಡೋ ಸಂಬಳಕ್ಕೂ ನಡುವಿನ ಅಂತರವೇ ಕನ್ಸಲ್ಟೆನ್ಸಿಯ ಮಾರ್ಜಿನ್. ನಿಮ್ಮ ಸಂಬಳ ಕಡಿಮೆಯಾದಷ್ಟೂ ಅವರ ಮಾರ್ಜಿನ್ ಜಾಸ್ತಿ. ಸಂಬಳದ ವಿಷಯಕ್ಕೆ ಅಷ್ಟೊಂದು ಎಳೆದಾಟ ಯಾಕೆ ಅಂತ ಈಗ ಗೊತ್ತಾಯ್ತಲ್ಲ?

ಎರಡರಲ್ಲೂ ಒಂದು ವಿಷಯ ಸಮಾನ. ದುಡ್ಡು ಕೊಡೋದು ಕಂಪನಿ. ಹಾಗಾಗಿ ಅವರ ಗ್ರಾಹಕ ಕಂಪನಿಯೇ ಹೊರತು ನಾವಲ್ಲ. ಕಟುವಾಗಿ ಹೇಳಬೇಕು ಅಂದರೆ ಈ ಅಂಗಡಿಯಲ್ಲಿ ನಾವು ಗಿರಾಕಿಗಳಲ್ಲ, ಸರಕು. ರಿಕ್ರೂಟರ್ ಎಷ್ಟೇ ಪ್ರೀತಿಯಿಂದ ಮಾತಾಡಲಿ, ಇದು ನೆನಪಿರಲಿ. ಹಾಗಂತ ಆ ಫೋನ್ ಮಾಡೋ ಹುಡುಗಿ ಕೆಟ್ಟವಳು ಅಂತಲ್ಲ. ನಾನೂ ಒಂದು ವರ್ಷ ಆ ಕುರ್ಚಿಯಲ್ಲಿ ಕೂತಿದ್ದೆ. ದಿನಕ್ಕೆ 60, 70 ಫೋನ್ ಮಾಡಬೇಕು, ಇಷ್ಟು ಪ್ರೊಫೈಲ್ ಕಳಿಸಬೇಕು ಅಂತ ಟಾರ್ಗೆಟ್ ಇರುತ್ತೆ. ಸಂಜೆ ಟೀಮ್ ಲೀಡ್ ಕೇಳೋದು ‘ಇವತ್ತು ಎಷ್ಟು ಲೈನ್‌ಅಪ್?’ ಅಂತ. ‘ಇವತ್ತು ಎಷ್ಟು ಜನಕ್ಕೆ ನೀವು ಆಯ್ಕೆ ಆಗಿಲ್ಲ ಅಂತ ತಿಳಿಸಿದಿರಿ?’ ಅಂತ ಯಾರೂ ಕೇಳಲ್ಲ. ಕೇಳದೇ ಇರೋ ಕೆಲಸ ಮಾಡೋಕೆ ಸಮಯ ಎಲ್ಲಿಂದ ಬರಬೇಕು? ಇಂಟರ್‌ವ್ಯೂ ಆದ ಮೇಲಿನ ಮೌನ ಬಹಳ ಸಲ ಹುಟ್ಟೋದು ಇಲ್ಲೇ.

ರೌಂಡ್‌ಗಳು ಯಾಕೆ ಬೆಳೀತಾವೆ?

ಒಳಗೆ ಕೂತಾಗ ನನಗೆ ಕಂಡ ಕಾರಣಗಳು ಇವು.

ಮೊದಲನೇದು, ರಿಪ್ಲೇಸ್‌ಮೆಂಟ್ ಷರತ್ತು. ಕನ್ಸಲ್ಟೆನ್ಸಿ ಕೊಟ್ಟ ವ್ಯಕ್ತಿ 60 ಅಥವಾ 90 ದಿನದೊಳಗೆ ಕೆಲಸ ಬಿಟ್ಟರೆ ಇನ್ನೊಬ್ಬರನ್ನ ಉಚಿತವಾಗಿ ಹುಡುಕಿಕೊಡಬೇಕು ಅನ್ನೋ ಷರತ್ತು ಒಪ್ಪಂದಗಳಲ್ಲಿ ಸಾಮಾನ್ಯ. ಅದಕ್ಕೇ ‘ಈ ಹುಡುಗ ನಿಲ್ತಾನಾ?’ ಅಂತ ಮತ್ತೆ ಮತ್ತೆ ತಡವಿ ನೋಡ್ತಾರೆ.

ಎರಡನೇದು, ಎರಡೆರಡು ಜರಡಿ. ಕಾಂಟ್ರ್ಯಾಕ್ಟ್ ಕೆಲಸ ಆದರೆ ಮೊದಲು ಕನ್ಸಲ್ಟೆನ್ಸಿಯ ರೌಂಡ್‌ಗಳು, ಅದಾದ ಮೇಲೆ ಕ್ಲೈಂಟ್ ರೌಂಡ್‌ಗಳು. ಒಬ್ಬರು ಬರೆದುಕೊಂಡಿದ್ದು ಇನ್ನೊಬ್ಬರಿಗೆ ತಲುಪಲ್ಲ. ಅದಕ್ಕೇ ಆರು ಸಲ ‘ನಿಮ್ಮ ಬಗ್ಗೆ ಹೇಳಿ’.

ಮೂರನೇದು, ಹೂಂ ಅನ್ನೋಕೆ ಯಾರಿಗೂ ಧೈರ್ಯ ಇಲ್ಲದಿರೋದು. ನಾಳೆ ಆಯ್ಕೆ ತಪ್ಪಾದರೆ ‘ಯಾರು ಓಕೆ ಮಾಡಿದ್ದು?’ ಅನ್ನೋ ಪ್ರಶ್ನೆ ಬರುತ್ತೆ. ಐದು ಜನ ಸಹಿ ಹಾಕಿದ್ದರೆ ಯಾರೊಬ್ಬರ ತಲೆಗೂ ಬರಲ್ಲ. ಹಾಗಾಗಿ ಜವಾಬ್ದಾರಿ ಹಂಚಿಕೊಳ್ಳೋಕೆ ಒಂದು ರೌಂಡ್, ಮೇಲಿನವರಿಗೆ ಮರ್ಯಾದೆ ಕೊಡೋಕೆ ಇನ್ನೊಂದು ರೌಂಡ್.

ನಾಲ್ಕನೇದು ಮುಖ್ಯವಾದದ್ದು: ಹುದ್ದೆಗೆ ಇನ್ನೂ ಒಪ್ಪಿಗೆಯೇ ಸಿಕ್ಕಿರಲ್ಲ. ಮ್ಯಾನೇಜರ್‌ಗೆ ಜನ ಬೇಕು, ಆದರೆ ಬಜೆಟ್ ಫೈಲ್ ಮೇಲೆ ಕೂತಿದೆ. ಒಪ್ಪಿಗೆ ಬಂದ ದಿನವೇ ಜನ ಸಿದ್ಧ ಇರಲಿ ಅಂತ ಮೊದಲೇ ಇಂಟರ್‌ವ್ಯೂ ಶುರು ಮಾಡ್ತಾರೆ. ಒಪ್ಪಿಗೆ ತಡವಾದಷ್ಟೂ ನಿಮ್ಮನ್ನ ಕೈಬಿಡದೆ ಹಿಡಿದಿಟ್ಟುಕೊಳ್ಳೋಕೆ ‘ಇನ್ನೊಂದು ಸಣ್ಣ ಡಿಸ್ಕಷನ್’ ಇಡ್ತಾರೆ. ಕೊನೆಗೆ ಬಜೆಟ್ ಬರದಿದ್ದರೆ ಆನ್ ಹೋಲ್ಡ್. ನಿಮ್ಮ ಉತ್ತರ ಚೆನ್ನಾಗಿತ್ತೋ ಇಲ್ಲವೋ ಅನ್ನೋದಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ಐದನೇದು, ಬ್ಯಾಕಪ್. ಒಬ್ಬರಿಗೆ ಆಫರ್ ಕೊಟ್ಟಿದಾರೆ, ಅವರ ನೋಟಿಸ್ ಪೀರಿಯಡ್ 60 ದಿನ, 90 ದಿನ. ಕೊನೇ ಗಳಿಗೆಯಲ್ಲಿ ಅವರು ಬರದಿದ್ದರೆ? ಅದಕ್ಕೆ ಎರಡನೇ ಸ್ಥಾನದಲ್ಲಿರೋರಿಗೆ ಇಲ್ಲ ಅಂತನೂ ಹೇಳಲ್ಲ, ಹೌದು ಅಂತನೂ ಹೇಳಲ್ಲ. ಮೊದಲನೆಯವರು ಕೆಲಸಕ್ಕೆ ಬಂದು ಕೂತ ದಿನ ಎರಡನೆಯವರಿಗೆ ‘ಆನ್ ಹೋಲ್ಡ್’ ಮೇಲ್ ಹೋಗುತ್ತೆ.

ಹಾಗಾದರೆ ಎಷ್ಟು ರೌಂಡ್ ಸಾಕು?

ಇದಕ್ಕೆ ಉತ್ತರ ಹುಡುಕಿದವರು ಇದ್ದಾರೆ. ಗೂಗಲ್ ಕಂಪನಿಯಲ್ಲಿ ಒಂದು ಕಾಲಕ್ಕೆ ಒಬ್ಬೊಬ್ಬರಿಗೆ ಹತ್ತಕ್ಕೂ ಹೆಚ್ಚು ಇಂಟರ್‌ವ್ಯೂ ನಡೆದದ್ದುಂಟು. ಆಮೇಲೆ ಅವರು ತಮ್ಮದೇ ಹಳೇ ದಾಖಲೆ ತೆಗೆದು ನೋಡಿದರು. ನಾಲ್ಕು ಇಂಟರ್‌ವ್ಯೂ ಆಗುವಷ್ಟರಲ್ಲಿ ಈ ವ್ಯಕ್ತಿಯನ್ನ ತಗೋಬೇಕೋ ಬೇಡವೋ ಅನ್ನೋದು ಶೇ 86ರಷ್ಟು ಖಚಿತವಾಗಿ ಗೊತ್ತಾಗ್ತಿತ್ತು. ಐದನೇದರಿಂದ ಮುಂದಕ್ಕೆ ಪ್ರತಿ ಇಂಟರ್‌ವ್ಯೂನಿಂದ ಸಿಗೋ ಲಾಭ ಶೇ 1ರಷ್ಟು ಮಾತ್ರ. ಹಾಗಾಗಿ ನಾಲ್ಕಕ್ಕೆ ನಿಲ್ಲಿಸಬೇಕು ಅನ್ನೋ ನಿಯಮ ಮಾಡಿಕೊಂಡರು. ಆಗ ಅಲ್ಲಿನ ಮಾನವ ಸಂಪನ್ಮೂಲ ವಿಭಾಗದ ಮುಖ್ಯಸ್ಥರಾಗಿದ್ದ ಲಾಜ್ಲೊ ಬಾಕ್ 2015ರ ತಮ್ಮ ಪುಸ್ತಕದಲ್ಲಿ ಇದನ್ನ ಬರೆದಿದ್ದಾರೆ.

ಸಂಖ್ಯೆಗಿಂತ ಮುಖ್ಯವಾದದ್ದು ಇನ್ನೊಂದಿದೆ: ಏನು ಕೇಳ್ತಾರೆ ಅನ್ನೋದು. ಎಲ್ಲ ಅಭ್ಯರ್ಥಿಗಳಿಗೂ ಒಂದೇ ಥರದ, ಆ ಕೆಲಸಕ್ಕೆ ಸಂಬಂಧಪಟ್ಟ ಪ್ರಶ್ನೆ ಕೇಳಿ, ಮೊದಲೇ ನಿಗದಿ ಮಾಡಿದ ಅಳತೆಯಲ್ಲಿ ಅಂಕ ಕೊಡೋ ಪದ್ಧತಿಗೆ ಸ್ಟ್ರಕ್ಚರ್ಡ್ ಇಂಟರ್‌ವ್ಯೂ ಅಂತಾರೆ. ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು ಅದಕ್ಕೂ ಮೊದಲು ನಡೆದ ಹಲವು ದಶಕಗಳ ಅಧ್ಯಯನಗಳನ್ನ ಮತ್ತೆ ತೂಗಿ ನೋಡಿ 2022ರಲ್ಲಿ ಒಂದು ಸಂಶೋಧನಾ ಲೇಖನ ಪ್ರಕಟಿಸಿದರು. ವ್ಯಕ್ತಿ ಮುಂದೆ ಕೆಲಸ ಹೇಗೆ ಮಾಡ್ತಾರೆ ಅಂತ ಊಹಿಸೋಕೆ ಇರೋ ವಿಧಾನಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಂದಿದ್ದು ಈ ಸ್ಟ್ರಕ್ಚರ್ಡ್ ಇಂಟರ್‌ವ್ಯೂ. ಕಾಫಿ ಕುಡೀತಾ, ರೆಸ್ಯೂಮೆ ನೋಡದೆ, ಬಾಯಿಗೆ ಬಂದ ಪ್ರಶ್ನೆ ಕೇಳೋ ಪದ್ಧತಿ ಅಲ್ಲ.

ಇದನ್ನ ಯಾಕೆ ಹೇಳ್ತಿದೀನಿ ಅಂದರೆ, ಆರು ರೌಂಡ್ ಇಟ್ಟಿದಾರೆ ಅಂದ ತಕ್ಷಣ ಅದು ದೊಡ್ಡ ಗುಣಮಟ್ಟದ ಕಂಪನಿ ಅಂತಲ್ಲ. ಎಷ್ಟೋ ಸಲ ಅಲ್ಲಿ ತೀರ್ಮಾನ ತಗೊಳ್ಳೋರು ಯಾರು ಅಂತ ಅವರಿಗೇ ಗೊತ್ತಿಲ್ಲ ಅಂತ ಅರ್ಥ. ಆರು ರೌಂಡ್ ಆದ ಮೇಲೆ ಕೆಲಸ ಸಿಗಲಿಲ್ಲ ಅಂದರೆ ನೀವು ಕೆಲಸಕ್ಕೆ ಬಾರದವರು ಅಂತಲೂ ಅಲ್ಲ.

ಮೊದಲ ಫೋನಲ್ಲೇ ಕೇಳಬೇಕಾದ ಐದು ಪ್ರಶ್ನೆ

ಈಗ ನಮ್ಮ ಕೈಯಲ್ಲಿ ಏನಿದೆ ಅನ್ನೋದಕ್ಕೆ ಬರೋಣ. ಕೇಳಿದರೆ ಎಲ್ಲಿ ಬೇಜಾರು ಮಾಡಿಕೊಳ್ತಾರೋ ಅಂತ ಹಿಂಜರೀಬೇಡಿ. ರಿಕ್ರೂಟರ್ ಆಗಿ ಹೇಳ್ತೀನಿ, ಇಂಥ ಪ್ರಶ್ನೆ ಕೇಳಿದವರನ್ನ ನಾವು ಪಟ್ಟಿಯಿಂದ ತೆಗೀತಿರಲಿಲ್ಲ. ಇವರು ಸೀರಿಯಸ್ ಆಗಿದಾರೆ ಅಂತ ಗುರುತು ಹಾಕ್ಕೋತಿದ್ವಿ.

ಒಂದು: ‘ಒಟ್ಟು ಎಷ್ಟು ರೌಂಡ್? ಯಾವ ರೌಂಡ್ ಯಾರ ಜತೆ?’ ಉತ್ತರ ಸ್ಪಷ್ಟವಾಗಿದ್ದರೆ ಪ್ರಕ್ರಿಯೆ ಇದೆ ಅಂತ. ‘ನೋಡೋಣ, ಹೋಗ್ತಾ ಹೋಗ್ತಾ ಗೊತ್ತಾಗುತ್ತೆ’ ಅಂದರೆ ಎಚ್ಚರ.

ಎರಡು: ‘ನನ್ನ ಸಂಬಳ ಯಾರ ಹೆಸರಲ್ಲಿ ಬರುತ್ತೆ, ಕ್ಲೈಂಟ್ ಕಂಪನಿಯದೋ ಕನ್ಸಲ್ಟೆನ್ಸಿಯದೋ?’ ಪರ್ಮನೆಂಟಾ ಕಾಂಟ್ರ್ಯಾಕ್ಟಾ ಅನ್ನೋದು ಇದರಿಂದ ಗೊತ್ತಾಗುತ್ತೆ. ಕಾಂಟ್ರ್ಯಾಕ್ಟ್ ಆದರೆ ಎಷ್ಟು ತಿಂಗಳು ಅಂತಲೂ ಕೇಳಿ.

ಮೂರು: ‘ಹುದ್ದೆಗೆ ಒಪ್ಪಿಗೆ ಸಿಕ್ಕಿದೆಯಾ, ಇಲ್ಲ ಮುಂದೆ ಬರಬಹುದಾದ ಹುದ್ದೆಗೆ ಈಗ ನೋಡ್ತಿದ್ದೀರಾ?’ ಈ ಒಂದು ಪ್ರಶ್ನೆ ನಿಮ್ಮ ವಾರಗಟ್ಟಲೆ ಕಾಯೋದನ್ನ ಉಳಿಸಬಹುದು.

ನಾಲ್ಕು: ‘ಸಂಬಳದ ರೇಂಜ್ ಎಷ್ಟು? ಕೈಗೆ ಎಷ್ಟು ಬರುತ್ತೆ?’ ಉದಾಹರಣೆಗೆ 4.2 ಲಕ್ಷ ಸಿಟಿಸಿ ಅಂದರೆ ತಿಂಗಳಿಗೆ 35 ಸಾವಿರ ಅಂತ ಕಾಣುತ್ತೆ. ಆದರೆ ಸಿಟಿಸಿ ಒಳಗೆ ಕಂಪನಿ ಕಟ್ಟೋ ಪಿಎಫ್ ಪಾಲು, ಗ್ರಾಚ್ಯುಟಿ ಸೇರಿರುತ್ತೆ. ನಿಮ್ಮ ಪಾಲಿನ ಪಿಎಫ್, ಪ್ರೊಫೆಷನಲ್ ಟ್ಯಾಕ್ಸ್ ಕೂಡ ಕಳೆದರೆ ಕೈಗೆ ಬರೋದು 30 ಸಾವಿರದ ಆಸುಪಾಸು. ಅದರಲ್ಲೂ ಒಂದು ಭಾಗ ವೇರಿಯಬಲ್ ಅಂದರೆ ಇನ್ನೂ ಕಡಿಮೆ. ಐದನೇ ರೌಂಡಲ್ಲಿ ಈ ಮಾತು ಬಂದು ಮುರಿದುಬೀಳೋ ಬದಲು ಮೊದಲ ಫೋನಲ್ಲೇ ತೀರಲಿ.

ಐದು: ‘ಪ್ರತಿ ರೌಂಡ್ ಆದ ಮೇಲೆ ಎಷ್ಟು ದಿನಕ್ಕೆ ಉತ್ತರ ಬರುತ್ತೆ?’ ಅವರು ಹೇಳಿದ ದಿನವನ್ನ ಬರೆದಿಟ್ಟುಕೊಳ್ಳಿ. ಫೋನ್ ಮುಗಿದ ಮೇಲೆ ‘ನೀವು ತಿಳಿಸಿದಂತೆ ಒಟ್ಟು ಇಷ್ಟು ರೌಂಡ್, ಇಂಥ ದಿನದೊಳಗೆ ಉತ್ತರ’ ಅಂತ ಎರಡು ಸಾಲಿನ ಮೇಲ್ ಹಾಕಿ. ಬಾಯಿ ಮಾತು ಬರಹಕ್ಕೆ ಬಂದ ಮೇಲೆ ಅದಕ್ಕೊಂದು ತೂಕ.

ಕೆಲಸದಲ್ಲಿ ಇರೋರು ಇನ್ನೊಂದು ಕೇಳಿಕೊಳ್ಳಬಹುದು: ‘ಆಫೀಸಿಗೆ ಬರಬೇಕಾದ ರೌಂಡ್‌ಗಳನ್ನ ಒಂದೇ ದಿನ ಇಡ್ತೀರಾ?’ ಎಲ್ಲರೂ ಒಪ್ಪಲ್ಲ. ಕೇಳಿದರೆ ಎಷ್ಟೋ ಕಡೆ ಎರಡು ರೌಂಡ್ ಒಟ್ಟಿಗೆ ಮಾಡ್ತಾರೆ. ಒಂದು ದಿನದ ಸಂಬಳ ಉಳಿಯುತ್ತೆ.

ಅಸೈನ್‌ಮೆಂಟ್, ದಾಖಲೆ, ದುಡ್ಡು

ಅಸೈನ್‌ಮೆಂಟ್ ಕೊಟ್ಟರೆ ಎರಡು ವಿಷಯ ನೋಡಿ. ಎಷ್ಟು ಹೊತ್ತಿನ ಕೆಲಸ? ಅದನ್ನ ಅವರು ನಾಳೆ ಬಳಸಿಕೊಳ್ಳಬಹುದಾ? ಒಂದೆರಡು ಗಂಟೆಯ, ಕಾಲ್ಪನಿಕ ಉದಾಹರಣೆಯ ಕೆಲಸ ಆದರೆ ಸರಿ, ಅದು ನಿಮ್ಮ ಕೈಚಳಕ ನೋಡೋ ಒಳ್ಳೆ ದಾರಿಯೇ. ಆದರೆ ಅವರ ನಿಜವಾದ ಗ್ರಾಹಕರಿಗೆ ಜಾಹೀರಾತು ಬರೆದು ಕೊಡಿ, ಅವರ ನಿಜವಾದ ವೆಬ್‌ಸೈಟಿಗೆ ಪೇಜ್ ಮಾಡಿ ಕೊಡಿ, ನಿಜವಾದ ಜನರ ನಂಬರ್ ಕೊಡಿ ಅಂದರೆ, ವಿನಯವಾಗಿಯೇ ಹೇಳಿ: ‘ನನ್ನ ವಿಧಾನ ತೋರಿಸೋಕೆ ಮೂರು ಮಾದರಿ ಕೊಡ್ತೀನಿ, ಹೆಸರು ಮತ್ತು ನಂಬರ್ ಮರೆಮಾಡಿ ಕೊಡ್ತೀನಿ.’ ಕೌಶಲ ನೋಡೋರಿಗೆ ಅಷ್ಟು ಸಾಕು.

ದಾಖಲೆಗಳ ವಿಷಯ. ಆಫರ್ ಬರೋ ಮೊದಲು ಆಧಾರ್ ಕೇಳಿದರೆ ಪೂರ್ತಿ ಪ್ರತಿ ಕೊಡೋ ಅಗತ್ಯ ಇಲ್ಲ. ಯುಐಡಿಎಐ ಜಾಲತಾಣದಲ್ಲೇ ಮಾಸ್ಕ್‌ಡ್ ಆಧಾರ್ ಡೌನ್‌ಲೋಡ್ ಮಾಡಬಹುದು. ಅದರಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುತ್ತೆ. ಬ್ಯಾಂಕ್ ಖಾತೆಯ ವಿವರ, ಒಟಿಪಿ ಯಾವ ಇಂಟರ್‌ವ್ಯೂಗೂ ಬೇಕಾಗಲ್ಲ.

ಇನ್ನು ದುಡ್ಡು. ಕನ್ಸಲ್ಟೆನ್ಸಿಗೆ ಕಮಿಷನ್ ಕೊಡೋದು ಕಂಪನಿ ಅಂತ ಆಗಲೇ ಹೇಳಿದೆ. ಹಾಗಾಗಿ ರಿಜಿಸ್ಟ್ರೇಷನ್ ಫೀಸು, ಟ್ರೈನಿಂಗ್ ಫೀಸು, ಲ್ಯಾಪ್‌ಟಾಪ್ ಡೆಪಾಸಿಟ್ ಅಂತ ನಿಮ್ಮಿಂದ ಕೇಳಿದರೆ ಅಲ್ಲಿಂದಲೇ ಎದ್ದು ಬನ್ನಿ. ಹಲವು ರೌಂಡ್ ಮಾಡಿದಾರೆ, ಆಫೀಸ್ ಚೆನ್ನಾಗಿದೆ, ಹಾಗಾಗಿ ಮೋಸ ಇರಲ್ಲ ಅಂದುಕೊಳ್ಳಬೇಡಿ. ನಂಬಿಕೆ ಬರಲಿ ಅಂತಲೇ ಮೋಸಗಾರರೂ ಎರಡು ಮೂರು ರೌಂಡ್ ನಾಟಕ ಮಾಡ್ತಾರೆ. ದುಡ್ಡು ಹೋಗಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ, ಅದು ಸೈಬರ್ ವಂಚನೆ ಸಹಾಯವಾಣಿ. ಬೇಗ ಮಾಡಿದಷ್ಟೂ ಹಣ ತಡೆಹಿಡಿಯೋ ಸಾಧ್ಯತೆ ಹೆಚ್ಚು.

ಗಲ್ಫ್ ಅಥವಾ ಬೇರೆ ದೇಶದ ಕೆಲಸ ಆದರೆ ನಿಯಮ ಬೇರೆ. 1983ರ ವಲಸೆ ಕಾಯ್ದೆ ಪ್ರಕಾರ ವಿದೇಶಕ್ಕೆ ಜನರನ್ನ ಕಳಿಸೋ ಏಜೆಂಟರು ಸರ್ಕಾರದಲ್ಲಿ ನೋಂದಣಿ ಮಾಡಿಸಿರಬೇಕು. ಅವರು ಅಭ್ಯರ್ಥಿಯಿಂದ ತಗೋಬಹುದಾದ ಸೇವಾ ಶುಲ್ಕಕ್ಕೂ ಮಿತಿ ಇದೆ: ಗರಿಷ್ಠ 30 ಸಾವಿರ ರೂಪಾಯಿ, ಜಿಎಸ್‌ಟಿ ಬೇರೆ. ನೋಂದಾಯಿತ ಏಜೆಂಟರ ಪಟ್ಟಿ ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಸಿಗುತ್ತೆ. ಪಾಸ್‌ಪೋರ್ಟ್ ಕೈಗೆ ಕೊಡೋ ಮೊದಲು ಅಲ್ಲಿ ಹೆಸರು ಹುಡುಕಿ.

ಮೌನಕ್ಕೂ ಒಂದು ಗಡುವು ಇರಲಿ

ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ 2026ರ ಜನವರಿ 1ರಿಂದ ಒಂದು ನಿಯಮ ಜಾರಿಗೆ ಬಂದಿದೆ. 25 ಅಥವಾ ಅದಕ್ಕಿಂತ ಹೆಚ್ಚು ನೌಕರರಿರೋ ಸಂಸ್ಥೆ ಜಾಹೀರಾತು ಕೊಟ್ಟು ಇಂಟರ್‌ವ್ಯೂ ಮಾಡಿದರೆ, ಕೊನೆಯ ಇಂಟರ್‌ವ್ಯೂ ಆದ 45 ದಿನದೊಳಗೆ ಆ ಹುದ್ದೆಯ ಬಗ್ಗೆ ತೀರ್ಮಾನ ಆಗಿದೆಯೋ ಇಲ್ಲವೋ ಅಂತ ಅಭ್ಯರ್ಥಿಗೆ ತಿಳಿಸಲೇಬೇಕು. ಹುದ್ದೆ ನಿಜವಾಗಲೂ ಖಾಲಿ ಇದೆಯಾ ಅನ್ನೋದನ್ನೂ ಜಾಹೀರಾತಲ್ಲೇ ಹೇಳಬೇಕು. ನಮ್ಮಲ್ಲಿ ಖಾಸಗಿ ಕಂಪನಿಗಳಿಗೆ ಇಂಥ ಕಡ್ಡಾಯ ಇಲ್ಲ. ಹಾಗಾಗಿ ಗಡುವನ್ನ ನಾವೇ ಹಾಕಿಕೊಳ್ಳಬೇಕು.

ನಾನು ಆಮೇಲೆ ಪಾಲಿಸಿದ್ದು ಹೀಗೆ. ಅವರು ಹೇಳಿದ ದಿನ ಕಳೆದು ಐದು ಕೆಲಸದ ದಿನ ಆದ ಮೇಲೆ ಒಂದು ಮೇಲ್. ಅದಾಗಿ ಇನ್ನೊಂದು ವಾರಕ್ಕೆ ಎರಡನೇ ಮೇಲ್, ಒಂದು ಫೋನ್. ಅದಕ್ಕೂ ಉತ್ತರ ಇಲ್ಲ ಅಂದರೆ ಆ ಪುಟ ಮುಚ್ಚಿ ಮುಂದಿನ ಅರ್ಜಿ. ದಿನಾ ಇನ್‌ಬಾಕ್ಸ್ ನೋಡ್ತಾ ಕೂತರೆ ಗಾಳಿ ಗುದ್ದಿ ಮೈ ನೋಯಿಸಿಕೊಂಡ ಹಾಗೆ. ಒಂದು ಕಡೆ ಎಷ್ಟೇ ರೌಂಡ್ ಮುಂದೆ ಹೋಗಿರಲಿ, ಬೇರೆ ಕಡೆ ಅರ್ಜಿ ಹಾಕೋದನ್ನ ನಿಲ್ಲಿಸಬೇಡಿ.

ಎಲ್ಲಕ್ಕಿಂತ ಮುಖ್ಯ: ಸಂಬಳ, ಹುದ್ದೆ, ಸೇರೋ ದಿನಾಂಕ ಬರೆದಿರೋ ಆಫರ್ ಲೆಟರ್ ಕೈಗೆ ಬರೋವರೆಗೂ ಈಗಿರೋ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ. ‘ಕಂಗ್ರಾಟ್ಸ್’ ಅನ್ನೋ ಪದ ಆಫರ್ ಲೆಟರ್ ಅಲ್ಲ. ವಾಟ್ಸ್ಆ್ಯಪ್‌ನಲ್ಲಿ ಬಂದ ಥಂಬ್ಸ್ ಅಪ್ ಕೂಡ ಅಲ್ಲ. ಕೆಲಸಕ್ಕೆ ಸೇರಿದ ಮೇಲೆ ನೇಮಕಾತಿ ಪತ್ರ ಕೇಳಿ ಪಡೀರಿ. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರೋ ಹೊಸ ಕಾರ್ಮಿಕ ಸಂಹಿತೆಗಳ ಪ್ರಕಾರ ನೌಕರರಿಗೆ ಅದನ್ನ ಕೊಡೋದು ಕಡ್ಡಾಯ.

ಈ ಸಂಚಿಕೆಯನ್ನ ರಿಕ್ರೂಟರ್‌ಗಳೂ ಕೇಳ್ತಿರಬಹುದು. ನಿಮಗೊಂದು ಮಾತು. ನಿಮ್ಮ ಟಾರ್ಗೆಟ್ ಒತ್ತಡ ನನಗೆ ಗೊತ್ತು. ಆದರೆ ‘ಆಯ್ಕೆ ಆಗಿಲ್ಲ, ಬೇರೆ ಕಡೆ ನೋಡಿಕೊಳ್ಳಿ’ ಅನ್ನೋ ಒಂದು ಸಾಲು ಕಳಿಸೋಕೆ ಅರ್ಧ ನಿಮಿಷ ಸಾಕು. ಆ ಸಾಲು ಬರದೆ ಇದ್ದಿದ್ದಕ್ಕೆ ಯಾವುದೋ ಊರಲ್ಲಿ ಒಬ್ಬರು ಇನ್ನೊಂದು ಕೆಲಸಕ್ಕೆ ಹೋಗದೆ ಕಾಯ್ತಾ ಇರ್ತಾರೆ.

ಇವತ್ತಿಗೆ ಇಷ್ಟು. ನಿಮ್ಮ ಗೆಳೆಯರಲ್ಲಿ ಯಾರಾದರೂ ನಾಲ್ಕನೇ ರೌಂಡ್ ಮುಗಿಸಿ ಐದನೇದಕ್ಕೆ ಬಟ್ಟೆ ಇಸ್ತ್ರಿ ಮಾಡ್ತಿದ್ದರೆ ಈ ಸಂಚಿಕೆ ಅವರಿಗೆ ಕಳಿಸಿ, ಮೂರನೇ ಪ್ರಶ್ನೆ ಮರೀದೆ ಕೇಳು ಅಂತ ಹೇಳಿ. ಮುಂದಿನ ವಾರ ನೋಟಿಸ್ ಪೀರಿಯಡ್ ಬಗ್ಗೆ ಮಾತಾಡೋಣ: 90 ದಿನ ಇರಲೇಬೇಕಾ, ದುಡ್ಡು ಕಟ್ಟಿ ಬಿಡಿಸಿಕೊಳ್ಳಬಹುದಾ ಅನ್ನೋದನ್ನ ನೋಡೋಣ. ಅಲ್ಲಿವರೆಗೂ, ನಮಸ್ಕಾರ.